ನೊಣ ಕೂರದ ಗಾಯ

"ನಾನೇ ಕೊಂದೆ ಅಂತ ಬರ್ಕೊಳ್ಳಿ ತಾಯಿ. ಇನ್ನೆಷ್ಟು ಸಲ ಕೇಳ್ತೀರ?"

ಕರಿಬಸಮ್ಮ ಹೀಗೆಂದು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು, ಬೇಡಿ ಹಾಕಿಸಿಕೊಳ್ಳಲು ಕೂತವರ ಹಾಗೆ. ಸಬ್ ಇನ್ಸ್‌ಪೆಕ್ಟರ್ ಸರ್ವಮಂಗಳಳಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಆ ಮುದುಕಿಯ ಮೇಲಲ್ಲ, ಆಕೆಯ ಬಾಯಿಗೆ ಈ ಮಾತನ್ನು ತುರುಕಿದವರ ಮೇಲೆ.

ಸುಟ್ಟಗಾಯಗಳಿಂದ ತುಮಕೂರಿನ ನರ್ಸಿಂಗ್ ಹೋಮ್ ಸೇರಿದ್ದ ಮಗಳು ಅಕ್ಷತಾ ವಾಸಿಯಾಗುತ್ತಿದ್ದಾಳೆ ಎನ್ನುವಾಗಲೇ ತೀರಿಕೊಂಡು ಮಣ್ಣಾಗಿದ್ದಳು. ಗಾಯಕ್ಕೆ ಮಠದ ವಿಭೂತಿ ಹಚ್ಚಿ, ನಂಜೇರಿಸಿ ಕೊಂದದ್ದು ಹೆತ್ತ ತಾಯಿಯೇ ಎಂದು ಅಳಿಯ ಕಿರಣ್‌ಕುಮಾರ್ ದೂರು ಕೊಟ್ಟಿದ್ದ. ಡಾಕ್ಟರ್ ಮಹಾಲಿಂಗಯ್ಯ ಅದಕ್ಕೆ ಹೌದು ಹೌದು ಎಂದು ತಲೆಯಾಡಿಸಿದ್ದರು. ಗುಬ್ಬಿಯ ಈ ಬೀದಿಯಲ್ಲಿ ಈಗ ಕರಿಬಸಮ್ಮನ ಮನೆಯಿಂದ ಯಾರೂ ಒಂದು ಲೋಟ ಮಜ್ಜಿಗೆಯನ್ನೂ ಮುಟ್ಟುತ್ತಿರಲಿಲ್ಲ.

"ಬರ್ಕೊಳ್ಳೋದು ನನಗೆ ಬಿಡಿ. ಕೇಳಿದ್ದಕ್ಕೆ ಉತ್ತರ ಕೊಡಿ. ವಿಭೂತಿ ಎಲ್ಲಿಗೆ ಹಚ್ಚಿದ್ರಿ? ಗಾಯಕ್ಕಾ, ಕಟ್ಟಿನ ಮೇಲಾ?"

"ಕಟ್ಟಿನ ಮ್ಯಾಲೆ ಕಣವ್ವಾ. ಗಾಯ ಮುಟ್ಟೋಕೆ ನಂಗೆಲ್ಲಿ ಧೈರ್ಯ? ಹಣೆಗೆ ಹೆಂಗೆ ಮೂರು ಬೆರಳು ಎಳೀತೀವೋ ಹಂಗೆ ಎಳೆದೆ, ಅಷ್ಟೇಯ."

"ಇದನ್ನ ಡಾಕ್ಟರಿಗೆ ಹೇಳಿದ್ರಾ?"

"ಹೇಳ್ದೆ. ಮ್ಯಾಲೋ ಕೆಳಗೋ, ಬೂದಿ ಬೂದಿನೇ ಅಂದ್ಬುಟ್ರು."

ಸರ್ವಮಂಗಳ ಹಲ್ಲು ಕಚ್ಚಿದಳು. ಹತ್ತಿಯ ಕಟ್ಟು, ಅದರ ಕೆಳಗೆ ಗಾಜ್ ಬಟ್ಟೆ, ಅದರ ಕೆಳಗೆ ಗಾಯ ಮಾಯಲೆಂದು ಡಾಕ್ಟರು ಚರ್ಮಕ್ಕೆ ಅಂಟಿಸಿದ ಹಾಳೆ. ಇಷ್ಟನ್ನೂ ದಾಟಿ ಮೂರು ಗೆರೆ ವಿಭೂತಿ ಒಳಗಿಳಿಯಿತಂತೆ! ಎಂ.ಡಿ. ಓದಿದ ಮನುಷ್ಯ ಇದನ್ನು ಹೇಳಬಹುದು, ಊರು ಅದನ್ನು ನಂಬಬಹುದು, ಯಾಕೆಂದರೆ ಬೈಸಿಕೊಳ್ಳಲು ಒಬ್ಬಳು ಮುದುಕಿ ಸಿಕ್ಕಿದ್ದಾಳೆ.

"ಹಾಳೆ ಯಾವುದು ಅಂತ ಆರಿಸಿದ್ದು ನೀವೇನಾ?"

ಕರಿಬಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಅದೂ ನನ್ನ ತಪ್ಪೇ. ಡಾಕ್ಟ್ರು ಮೊದ್ಲು ದನದ ಚರ್ಮದಿಂದ ತೆಗೆದ ಹಾಳೆ ಹಾಕ್ತೀನಿ ಅಂದ್ರು. ಲಿಂಗ ಕಟ್ಟಿರೋ ಮೈಗೆ ಅದು ಬ್ಯಾಡಿ ಸ್ವಾಮಿ, ಬೇರೆ ಇದ್ರೆ ನೋಡಿ ಅಂದೆ. ಆಮ್ಯಾಕೆ ಕುಣಿಗಲ್‌ನಿಂದ ರೇಷ್ಮೆ ಹಾಳೆ ತರಿಸಿದ್ರು. ಚಿಟ್ಟೆ ತಾನೇ ಗೂಡು ತೂತು ಮಾಡ್ಕೊಂಡು ಹಾರಿಹೋದ ಮ್ಯಾಲೆ ಉಳಿದಿದ್ರಲ್ಲಿ ಮಾಡಿದ್ದಂತೆ. ಒಂದು ಹುಳಾನೂ ಸತ್ತಿಲ್ಲ ಅಂದ್ರು. ಅದನ್ನೇ ಹಾಕಿ ಅಂದೆ."

"ಅದರಲ್ಲಿ ತಪ್ಪೇನಿಲ್ಲ. ಆಮೇಲೆ?"

"ಆಮ್ಯಾಲೇನು. ಬೆವರು ಅಂದ್ರೆ ಬೆವರು, ಹಾಸಿಗೆ ನೆನೆದು ಹೋಗೋದು. ಬಾಯಿಂದ ಜೊಲ್ಲು, ಕೈಕಾಲು ಅದುರೋವು. ಕಣ್ಣಿನ ಪಾಪೆ ಸಾಸ್ವೆ ಕಾಳಾಗೋಗಿತ್ತು. ನಿನ್ನ ಮುಖನೇ ಕಾಣ್ತಿಲ್ಲ ಕಣವ್ವಾ ಅಂದ್ಲು. ಅದೇ ಕಡೇ ಮಾತು." ಮುದುಕಿ ತಲೆಯೆತ್ತಿದರು. "ಒಂದು ಮಾತು ಮಾತ್ರ ಯಾರೂ ಕೇಳಿಸ್ಕೊಳ್ಳಲಿಲ್ಲ ತಾಯಿ. ವಿಭೂತಿಯಿಂದ ನಂಜಾಗಿದ್ರೆ ನೊಣ ಮುತ್ತಬೇಕಿತ್ತಲ್ವಾ? ಹಲಸಿನ ಕಾಲ, ವಾರ್ಡೆಲ್ಲ ನೊಣ. ಪಕ್ಕದ ಮಂಚದ ಹೆಂಗ್ಸು ಟವಲ್ ಬೀಸೀ ಬೀಸೀ ಸಾಕಾಗಿದ್ಲು. ನನ್ನ ಮಗಳ ಮೈಮ್ಯಾಲೆ ಒಂದೇ ಒಂದು ನೊಣ ಕೂರ್ಲಿಲ್ಲ. ಶಿವನೇ ಕಾಯ್ತಾವ್ನೆ ಅಂತ ಮಂಚದ ನೊಣದ ಪರದೇನೂ ಎತ್ತಿಬುಟ್ಟೆ. ಡಾಕ್ಟ್ರಿಗೆ ಹೇಳಿದ್ರೆ ನಕ್ಕರು."

ಸರ್ವಮಂಗಳ ನಗಲಿಲ್ಲ. ಹಾಗೆಂದು ಅದರ ಅರ್ಥವೂ ಅವಳಿಗೆ ತಕ್ಷಣ ಹೊಳೆಯಲಿಲ್ಲ. ಆ ಮಾತು ಮಾತ್ರ ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಉಳಿಯಿತು.

"ಆ ಹಾಳೆ ಇನ್ನೂ ಇದೆಯಾ?"

ಮುದುಕಿ ಎದ್ದು ದೇವರ ಮನೆಗೆ ಹೋದರು. ವಿಭೂತಿ ಗಟ್ಟಿಯ ಪಕ್ಕದಲ್ಲಿ, ಬಟರ್ ಪೇಪರಿನ ನಡುವೆ ಒಂದು ಹಾಳೆಯಿತ್ತು. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಕಾಣುತ್ತಿತ್ತು. "ಮಗಳ ಮೈ ಸೇರಬೇಕಿದ್ದಿದ್ದು ಅಂತ ಇದೊಂದನ್ನ ಇಟ್ಕೊಂಡೆ" ಎಂದರು.

"ಇದೊಂದನ್ನ ಅಂದ್ರೆ? ಉಳಿದಿದ್ದು..."

ಅಷ್ಟರಲ್ಲಿ ಅಂಗಳದಲ್ಲಿ ಗುಡುಗಿದಂತಾಯಿತು.

"ಇನ್ನೂ ಎಷ್ಟು ಹೊತ್ತು ಮೇಡಂ ಅವಳಿಗೆ ಉಪಚಾರ ಮಾಡ್ತೀರ? ಎಳ್ಕೊಂಡು ಹೋಗಿ ಸ್ಟೇಷನ್ನಿಗೆ!"

ಕಿರಣ್‌ಕುಮಾರ್ ಮರಳೂರಿನಿಂದ ಆಟೋ ಮಾಡಿಕೊಂಡು ಬಂದಿದ್ದ. ಹೈಸ್ಕೂಲ್ ಮೇಷ್ಟ್ರು. ಹೆಂಡತಿಯ ಬಟ್ಟೆಗೆ ಒಲೆಯ ಬೆಂಕಿ ಹತ್ತಿದಾಗ ಬರಿಗೈಯಲ್ಲಿ ಆರಿಸಲು ಹೋಗಿ ಎರಡೂ ಕೈ ಸುಟ್ಟುಕೊಂಡಿದ್ದ. ಮೊಣಕೈವರೆಗೆ ಬಿಳಿ ಕಟ್ಟು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕೂಗುವಾಗ ಬಾಯಂಚಿನಲ್ಲಿ ಎಂಜಲು ಸುರಿಯಿತು, ಅದನ್ನು ಕಟ್ಟಿದ ಕೈಯಿಂದಲೇ ಒರೆಸಿಕೊಂಡ. ಕುಡಿದಿದ್ದಾನೆಯೇ ಎಂದು ಸರ್ವಮಂಗಳ ಮೂಗು ಅರಳಿಸಿ ನೋಡಿದಳು. ವಾಸನೆ ಇರಲಿಲ್ಲ. ಬರೀ ಸಿಟ್ಟು.

ಅಂಗಳದ ಮೂಲೆಯಲ್ಲಿ ಪಕ್ಕದ ಮನೆಯವರು ಬಿಡಿಸಿ ಎಸೆದಿದ್ದ ಹಲಸಿನ ಸಿಪ್ಪೆಯ ರಾಶಿ. ಅವನು ಅದನ್ನು ಝಾಡಿಸಿ ಒದ್ದ. ನೊಣಗಳು ಗುಂಯ್ ಎಂದು ಎದ್ದು ಅಲ್ಲಿದ್ದವರ ಮುಖಕ್ಕೆಲ್ಲ ಮುತ್ತಿದವು. ಹೆಡ್ ಕಾನ್‌ಸ್ಟೇಬಲ್ ಅಂಜಿನಪ್ಪ ಟೋಪಿ ತೆಗೆದು ಬೀಸತೊಡಗಿದ, ನೋಡಲು ಸೇರಿದ್ದ ಹೆಂಗಸರು ಸೆರಗು ಮುಚ್ಚಿಕೊಂಡರು. ಕಿರಣ್‌ಕುಮಾರ್ ಒಬ್ಬನೇ ಕೈ ಬೀಸಲಿಲ್ಲ. ಅಷ್ಟು ರೊಚ್ಚಿಗೆದ್ದವನಿಗೆ ನೊಣದ ಖಬರೆಲ್ಲಿ?

"ಕೈ ಹೆಂಗೈತಪ್ಪಾ?" ಕರಿಬಸಮ್ಮ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು. ಅವರ ಕಣ್ಣು ಅವನ ಕಟ್ಟಿನ ಮೇಲೇ ಇತ್ತು.

"ನನ್ನ ಕೈ ಸುದ್ದಿ ನಿಂಗ್ಯಾಕೆ? ಹೆಂಡ್ತೀನ ತಿಂದ್ಕೊಂಡಿದ್ದು ಸಾಲ್ದಾ?"

ಸರ್ವಮಂಗಳಳ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು. "ಮೇಷ್ಟ್ರೇ, ನಾಲಿಗೆ ಬಿಗಿಹಿಡಿದು ಮಾತಾಡಿ! ಇಷ್ಟು ಆವೇಶ ಇರೋರು ಹೂತ ಮೈ ತೆಗೆಸಿ ಪರೀಕ್ಷೆ ಮಾಡ್ಸೋಕೆ ಯಾಕೆ ಒಪ್ತಿಲ್ಲ? ಏನು ಸಿಗುತ್ತೆ ಅಂತ ಭಯ?"

"ಅವಳನ್ನ ಮಣ್ಣಿಂದ ತೆಗೆದು ಬಗೆಯೋಕೆ ನಾನು ಬಿಡಲ್ಲ." ಅವನ ಧ್ವನಿ ಒಡೆಯಿತು. ಜಗಲಿಯ ಮೇಲೆ ಕುಸಿದು ಕೂತ. "ಇವಳನ್ನ ಅರೆಸ್ಟ್ ಮಾಡೋವರ್ಗೂ ಇಲ್ಲಿಂದ ಏಳಲ್ಲ. ನೀವೇನ್ ಮಾಡ್ತೀರೋ ಮಾಡ್ಕೊಳ್ಳಿ."

ಸರ್ವಮಂಗಳ ಹಾಳೆಯನ್ನು ಪೊಟ್ಟಣ ಕಟ್ಟಿಕೊಂಡು ಜೀಪ್ ಹತ್ತಿದಳು. ಮನಸ್ಸಿನಲ್ಲಿ ಅನುಮಾನಿತರ ಸಾಲಿಗೆ ಮೊದಲ ಹೆಸರು ಬಿದ್ದಿತ್ತು, ಅದು ಮೇಷ್ಟ್ರದೇ. ಮುದುಕಿಗೆ ಕೇಳಲು ಹೊರಟ ಪ್ರಶ್ನೆ ಅರ್ಧಕ್ಕೇ ನಿಂತದ್ದು ಅವಳಿಗೆ ನೆನಪಾಗಲೇ ಇಲ್ಲ.

ಗುಬ್ಬಿ ದಾಟಿದ ಮೇಲೆ ಜೀಪಿನೊಳಗೆ ಗಮ್ಮೆನ್ನುವ ವಾಸನೆ ತುಂಬಿತು. ಅಂಜಿನಪ್ಪ ಚೇಳೂರಿನ ಒಂದು ಹಲಸು ಗಿಟ್ಟಿಸಿ, ಅರ್ಧಕ್ಕೆ ಸೀಳಿಸಿ, ಹಿಂದಿನ ಸೀಟಿನಲ್ಲಿಟ್ಟಿದ್ದ.

"ಡ್ಯೂಟಿಗೆ ಬಂದಿದ್ದೀರೋ, ಸಂತೆಗೋ?"

"ಬಸುರಿ ಮಗಳಿಗೆ ಬೇಕು ಅಂತ ಹೆಂಡ್ತಿ ಹೇಳವ್ಳೆ ಮೇಡಂ. ಬರಿಗೈಲಿ ಹೋದ್ರೆ ನನ್ನನ್ನೇ ಸೀಳ್ತಾಳೆ."

ಬೈಯಲು ಹಿಂದಕ್ಕೆ ತಿರುಗಿದ ಸರ್ವಮಂಗಳಳ ಬಾಯಿ ಹಾಗೇ ನಿಂತಿತು. ಹಣ್ಣಿನ ಜೊತೆ ನೊಣಗಳೂ ಸವಾರಿ ಬಂದಿದ್ದವು. ಹಲಸಿನ ಮೇಲೆ, ಸೀಟಿನ ಮೇಲೆ, ಅಂಜಿನಪ್ಪನ ಲಾಠಿಯ ಮೇಲೆ, ನೀರಿನ ಬಾಟಲಿನ ಮೇಲೆ. ಹಣ್ಣಿಗೆ ತಾಗಿಕೊಂಡೇ ಅವಳ ಪೊಟ್ಟಣ ಬಿದ್ದಿತ್ತು, ಅರ್ಧ ಬಿಚ್ಚಿಕೊಂಡು. ಅದರ ಮೇಲೆ ಒಂದೂ ಇರಲಿಲ್ಲ. ಒಂದು ಅತ್ತ ಹಾರಿ, ಗೋಡೆಗೆ ಬಡಿದಂತೆ ವಾಪಸು ತಿರುಗಿತು.

"ಗಾಡಿ ನಿಲ್ಲಿಸ್ರೀ."

ಸರ್ವಮಂಗಳ ಹುಲಿಯೂರುದುರ್ಗದ ರೇಷ್ಮೆ ಹುಳು ಸಾಕುವ ಮನೆಯ ಮಗಳು. ಊಜಿ ನೊಣ ಒಳಗೆ ಬಂದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಇಡೀ ಬೆಳೆ ಹಾಳು ಎಂದು ಅವಳಮ್ಮ ಕಿಟಕಿಗೆ ಪರದೆ ಕಟ್ಟಿ, ಬಾಗಿಲಲ್ಲಿ ಪೊರಕೆ ಹಿಡಿದು ಕಾವಲು ಕೂರುತ್ತಿದ್ದಳು. ನೊಣ ದೇವರಿಗೂ ಹೆದರುವುದಿಲ್ಲ, ಮದ್ದಿಗೆ ಮಾತ್ರ ಹೆದರುತ್ತದೆ ಎಂದು ಆ ಮನೆಯಲ್ಲಿ ಬೆಳೆದವರಿಗೆ ಗೊತ್ತು.

ವಿಭೂತಿಯೂ ಅಲ್ಲ, ಶಿವನ ಕಾವಲೂ ಅಲ್ಲ. ಹಾಳೆಯಲ್ಲೇ ಏನೋ ಇದೆ. ನೊಣವನ್ನು ಓಡಿಸುವಂಥದ್ದು, ಮನುಷ್ಯರ ಪಾಪೆಯನ್ನು ಸಾಸಿವೆ ಮಾಡುವಂಥದ್ದು. ಆ ತಾಯಿ ಅದನ್ನು ಎಲ್ಲರಿಗೂ ಬಾಯಿಬಿಟ್ಟು ಹೇಳಿದ್ದಳು. ಎಲ್ಲರೂ ನಕ್ಕಿದ್ದರು.

ತುಮಕೂರಿನಲ್ಲಿ ಡಾಕ್ಟರ್ ಮಹಾಲಿಂಗಯ್ಯ ಊಟಕ್ಕೆ ಹೊರಟಿದ್ದರು. ಕಾರಿನ ಬಾಗಿಲು ಹಿಡಿದುಕೊಂಡೇ ಮಾತಾಡಿದರು.

"ಬೆವರು, ಜೊಲ್ಲು, ನಡುಕ. ನಂಜು ಏರಿದ್ರೆ ಇನ್ನೇನಾಗುತ್ತೆ ಮೇಡಂ?"

"ಪಾಪೆ ಚಿಕ್ಕದಾಗೋದು? ತೋಟಕ್ಕೆ ಔಷಧಿ ಹೊಡೆದು ಬಿದ್ದೋರಿಗೆ ಆಗುತ್ತಲ್ಲ, ಹಾಗೆ?"

ಡಾಕ್ಟರ ಕೈ ಕಾರಿನ ಬಾಗಿಲ ಮೇಲೆ ಒಂದು ಗಳಿಗೆ ನಿಂತಿತು. "ಮುದುಕಿ ಹೇಳಿದ್ದನ್ನೆಲ್ಲ ನಂಬ್ಕೊಂಡು ಕೂತ್ರೆ ನಾವು ಆಸ್ಪತ್ರೆ ಮುಚ್ಚಬೇಕಾಗುತ್ತೆ. ಎರಡೇ ಸಲ ಹಾಳೆ ಬದಲಾಯಿಸಿದ್ವಿ. ಉಳಿದ ಹಾಳೆಗಳ ಕಟ್ಟನ್ನ ಹೆಣದ ಜೊತೆ ಮನೆಯವರಿಗೇ ಕೊಟ್ವಿ. ಹಾಳೆ ಬಗ್ಗೆ ಅನುಮಾನ ಇದ್ರೆ ಮಾಡಿದವರನ್ನ ಕೇಳಿ."

ಹೆಣ ಎಂದು ಅವರು ಅಂದ ರೀತಿ ಸರ್ವಮಂಗಳಳ ಕಿವಿಗೆ ಕಾದ ಎಣ್ಣೆಯಾಯಿತು. ಅವಳಿಗೆ ಹೆಸರಿತ್ತು, ಅಕ್ಷತಾ ಅಂತ, ಎಂದು ಹೇಳಿ ಜೀಪಿನ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ಹೆಬ್ಬೂರು ಬರುವವರೆಗೆ ಅಂಜಿನಪ್ಪ ಕೆಮ್ಮಲೂ ಹೆದರಿದ.

ಕುಣಿಗಲ್ ಬೈಪಾಸಿನ ಪಕ್ಕದಲ್ಲಿ ಸಿದ್ದಾರ್ಥನ ಘಟಕ. ಗಾಜಿನ ಕೋಣೆ, ತಣ್ಣನೆಯ ಗಾಳಿ, ಗೋಡೆಯ ತುಂಬ ಪ್ರಶಸ್ತಿ ಫಲಕ. ಮೇಜಿನ ಮೇಲೆ ಒಂದು ಬಟ್ಟಲಲ್ಲಿ ತೂತಾದ ಹಳದಿ ಗೂಡುಗಳು. ಸಿದ್ದಾರ್ಥ ಇನ್ನೂ ನಲವತ್ತು ಮುಟ್ಟದ, ಇಸ್ತ್ರಿ ಮಡಿಕೆ ಮುರಿಯದ ಮನುಷ್ಯ.

"ನಮ್ಮ ಹಾಳೆ ಬಗ್ಗೆ ಕಂಪ್ಲೇಂಟಾ? ಸಾಧ್ಯನೇ ಇಲ್ಲ ಮೇಡಂ," ಎಂದು ಅವನು ಗೂಡೊಂದನ್ನು ಬೆರಳಲ್ಲಿ ಹಿಡಿದ. "ಇದನ್ನ ಸೋಡಾ ನೀರಲ್ಲಿ ಕುದಿಸಿ ಅಂಟು ತೆಗೀತೀವಿ. ಉಳಿಯೋದು ಶುದ್ಧ ರೇಷ್ಮೆ, ಅಂದ್ರೆ ಪ್ರೊಟೀನು. ಅದನ್ನ ಕರಗಿಸಿ, ಹಾಸಿ, ಒಣಗಿಸಿದ್ರೆ ಹಾಳೆ. ಗಾಯದ ಮೇಲೆ ಇಟ್ರೆ ಚರ್ಮದ ಹಾಗೇ ಕಚ್ಕೊಳ್ಳುತ್ತೆ, ಒಳಗಿನ ತೇವ ಆರೋಕೆ ಬಿಡಲ್ಲ. ಅಡಿಯಲ್ಲಿ ಹೊಸ ಚರ್ಮ ಬಂದ ಹಾಗೆ ತಾನೇ ಬಿಟ್ಕೊಳ್ಳುತ್ತೆ. ಕೀಳೋ ನೋವೂ ಇಲ್ಲ. ಎಷ್ಟು ಜನ ಕೈ ಮುಗಿದು ಹೋಗಿದ್ದಾರೆ ಗೊತ್ತಾ?"

"ಗೊತ್ತು. ಹಾಳೆ ಒಳ್ಳೇದೇ. ಒಂದು ಕೊಡಿ, ನೋಡೋಣ."

ಅವನು ಡ್ರಾಯರಿನಿಂದ ಒಂದು ಚಿಕ್ಕ ಪೊಟ್ಟಣ ತೆಗೆದ. ಅಂಗೈಯಗಲ, ನಾಲ್ಕೂ ಬದಿ ಸೀಲು. ಸರ್ವಮಂಗಳ ತನ್ನ ಬಟರ್ ಪೇಪರನ್ನು ಅದರ ಪಕ್ಕ ಬಿಚ್ಚಿಟ್ಟಳು.

"ನಿಮ್ಮದಕ್ಕೆ ಒಂದೊಂದಕ್ಕೂ ಸೀಲಿದೆ. ಅಕ್ಷತಾಗೆ ಹಾಕಿದ್ದು ಇದು. ಇದಕ್ಕೆ ಸೀಲೂ ಇಲ್ಲ, ಅಳತೇನೂ ದೊಡ್ಡದು. ಯಾಕೆ?"

ಸಿದ್ದಾರ್ಥ ಹಾಳೆಯನ್ನು ಮುಟ್ಟಲಿಲ್ಲ. ಅವಳು ಅದನ್ನೇ ಕಾಯುತ್ತಿದ್ದಳು. ತಾನು ಮಾಡಿದ ವಸ್ತುವನ್ನು ಮುಟ್ಟಿ ನೋಡದ ತಯಾರಕನನ್ನು ಅವಳು ಇವತ್ತೇ ಕಂಡದ್ದು.

"ಬೇರೆ ಯಾರದ್ದೋ ಇರಬೇಕು. ಮಾರ್ಕೆಟ್ಟಲ್ಲಿ ನಕಲಿ ಬಹಳ..."

"ಏಳಿ. ಹೊರಗೆ ಬನ್ನಿ."

"ಹೊರಗೆ ಎಲ್ಲಿಗೆ? ನನಗೆ ಮೀಟಿಂಗ್ ಇದೆ ಮೇಡಂ."

"ನಿಮ್ಮ ಕೋಣೇಲಿ ನೊಣ ಇಲ್ಲ. ಅದಕ್ಕೆ. ಏಳ್ತೀರೋ, ಅಂಜಿನಪ್ಪನಿಗೆ ಹೇಳ್ಲೋ?"

ಗೇಟಿನ ಎದುರು, ರಸ್ತೆಯಂಚಿನಲ್ಲಿ ಹಲಸಿನ ತೊಳೆ ಮಾರುವ ಗಾಡಿ. ಕೆಳಗೆ ಸಿಪ್ಪೆಯ ಗುಡ್ಡ, ಅದರ ಮೇಲೆ ಕಪ್ಪಗೆ ನೊಣ. ಸರ್ವಮಂಗಳ ಒಂದು ಕ್ರೇಟನ್ನು ಬೋರಲು ಹಾಕಿದಳು. ಒಂದು ಕಡೆ ಸೀಲು ಹರಿದ ಹಾಳೆ, ಇನ್ನೊಂದು ಕಡೆ ಕರಿಬಸಮ್ಮನ ದೇವರ ಮನೆಯ ಹಾಳೆ. ಎರಡರ ಮೇಲೂ ಒಂದೊಂದು ತೊಳೆ. ತಟ್ಟೆ ಇಡ್ಲಿ ತಿನ್ನುತ್ತಿದ್ದ ಲಾರಿಯವರು ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದರು.

ಸೀಲು ಹರಿದ ಹಾಳೆಯ ಮೇಲಿನ ತೊಳೆ ನೋಡುತ್ತಿದ್ದಂತೆಯೇ ಕಪ್ಪಾಯಿತು. ಹಳದಿ ಕಾಣದಷ್ಟು ನೊಣ. ಪಕ್ಕದ ತೊಳೆ ಹಾಗೇ ಹಳದಿಯಾಗಿ, ಒಂಟಿಯಾಗಿ ಹೊಳೆಯುತ್ತಿತ್ತು. ಒಂದು ನೊಣ ಧೈರ್ಯ ಮಾಡಿ ಹಾಳೆಯ ಅಂಚಿಗೆ ಇಳಿಯಿತು. ಎರಡು ಹೆಜ್ಜೆ ನಡೆಯಿತು. ಮಗುಚಿಕೊಂಡು ಕಾಲು ಅದುರಿಸಿತು. ಆಮೇಲೆ ಸುಮ್ಮನಾಯಿತು.

"ಅಯ್ಯಯ್ಯಪ್ಪ! ಏನ್ ಮದ್ದು ಸ್ವಾಮಿ ಇದು?" ಎಂದ ಗಾಡಿಯವ. "ನಂಗೂ ಒಂದೀಟು ಕೊಡಿ, ಗಾಡಿಗೆ ಕಟ್ಕೋತೀನಿ."

ಯಾರೋ ನಕ್ಕರು. ಸರ್ವಮಂಗಳ ತಿರುಗಿ ನೋಡಿದ ನೋಟಕ್ಕೆ ಆ ನಗು ಅಲ್ಲೇ ಸತ್ತಿತು.

"ಹೇಳಿ ಸಿದ್ದಾರ್ಥ. ಇದು ನಕಲಿನಾ?"

ಅವನ ಇಸ್ತ್ರಿ ಅಂಗಿಯ ಬೆನ್ನು ಒದ್ದೆಯಾಗಿತ್ತು. "ಒಳಗೆ ಹೋಗಿ ಮಾತಾಡೋಣ ಮೇಡಂ."

"ಇಲ್ಲೇ ಮಾತಾಡಿ. ಆ ಮುದುಕಿಗೆ ಕೊಲೆಗಾತಿ ಅಂತ ಬೀದೀಲೇ ಹೇಳಿದ್ರಲ್ಲ ಎಲ್ರೂ. ಇದೂ ಬೀದೀಲೇ ಆಗ್ಲಿ."

ಅವಳು ಹಾಳೆಯ ಒಂದು ಮೂಲೆಯನ್ನು ಬೆರಳಿಂದ ತೋರಿಸಿದಳು. ಮೂರು ಅಂಚು ನಯವಾಗಿದ್ದವು. ನಾಲ್ಕನೆಯದು ಕತ್ತರಿಯಿಂದ ಅವಸರದಲ್ಲಿ ಕತ್ತರಿಸಿದ್ದು, ಸೊಟ್ಟ. ಆ ಮೂಲೆಯಲ್ಲಿ ಒಂದು ಕೂದಲೆಳೆಯಷ್ಟು ಕೆಂಪು ದಾರ ಉಳಿದುಕೊಂಡಿತ್ತು.

ಸಿದ್ದಾರ್ಥ ಅದನ್ನು ನೋಡಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅದು... ಕುದುರೆದು."

"ಏನು?"

"ಕುದುರೆ ಹಾಳೆ ಮೇಡಂ. ಸುತ್ತಮುತ್ತ ಪ್ರೈವೇಟ್ ಲಾಯದೋರು ಕೇಳ್ತಾರೆ. ಕುದುರೆ ಕಾಲಿಗೆ ಗಾಯ ಆದ್ರೆ ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತೆ. ಅದಕ್ಕೆ ಹಾಳೇಲಿ ನೊಣದ ಮದ್ದು ಅದ್ದಿರ್ತೀವಿ. ಮನುಷ್ಯರದ್ದಕ್ಕೆ ಬೆರೆತುಹೋಗದಿರಲಿ ಅಂತ ಒಂದು ಅಂಚಿಗೆ ಕೆಂಪು ದಾರ. ಕುದುರೆಗೆ ಏನೂ ಆಗಲ್ಲ. ಗಾಯ ಇಷ್ಟೇ ಇಷ್ಟು ಇರುತ್ತೆ."

"ಹೊಟ್ಟೆ, ತೋಳು ಎಲ್ಲ ಚರ್ಮ ಸುಲಿದುಹೋದ ಹೆಂಗಸಿಗೆ?"

ಅವನು ಗೇಟಿನ ಕಡೆ ತಿರುಗಿದ.

"ಕೇಳಿದ್ದು ನಿಮ್ಮನ್ನೇ. ಚರ್ಮ ಇಲ್ಲದ ಮೈಗೆ ಹಾಕಿದ್ರೆ ಮದ್ದು ಎಲ್ಲಿಗೆ ಹೋಗುತ್ತೆ?"

"ರಕ್ತಕ್ಕೆ."

"ಕೆಂಪು ದಾರ ಕತ್ತರಿಸಿದ್ದು ಯಾರು?"

"ಸ್ಟಾಕ್ ಇರ್ಲಿಲ್ಲ ಮೇಡಂ!" ಅವನು ಒಮ್ಮೆಲೇ ಬಡಬಡಿಸತೊಡಗಿದ. "ಮಹಾಲಿಂಗಯ್ಯನೋರು ಫೋನ್ ಮೇಲೆ ಫೋನ್ ಮಾಡಿದ್ರು. ಪೇಷಂಟ್ ಕಡೆಯೋರು ಚರ್ಮದ ಹಾಳೆ ಬೇಡ ಅಂತಾರೆ, ರೇಷ್ಮೆದು ಇವತ್ತೇ ಬೇಕು ಅಂದ್ರು. ನಾನು ಹೇಳ್ದೆ, ನಾನು ಹೇಳಿದ್ದೀನಿ, ಕುದುರೆಗೆ ಮಾಡಿದ್ದು ಮಾತ್ರ ಇದೆ ಅಂತ. ಅವರೇ ಅಂದ್ರು, ರೇಷ್ಮೆ ರೇಷ್ಮೆನೇ ತಾನೆ, ದಾರ ಕತ್ತರಿಸಿ ಕಳಿಸಿ ಅಂತ."

"ಮದ್ದು ಅದ್ದಿದೆ ಅಂತ ಹೇಳಿದ್ರಾ?"

"ಅವರು... ಕೇಳಲಿಲ್ಲ."

ಸರ್ವಮಂಗಳ ಕ್ರೇಟಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿದಳು. ಕೂಗಲಿಲ್ಲ. ಅವಳು ಕೂಗದಿದ್ದಾಗ ಹೆಚ್ಚು ಹೆದರಬೇಕೆಂದು ಅಂಜಿನಪ್ಪನಿಗೆ ಗೊತ್ತಿತ್ತು, ಅವನು ಒಂದು ಹೆಜ್ಜೆ ಹತ್ತಿರ ಬಂದು ನಿಂತ.

"ಅವರು ಕೇಳಲಿಲ್ಲ, ನೀವು ಹೇಳಲಿಲ್ಲ. ಇಬ್ಬರೂ ಸೇರಿ ತಪ್ಪನ್ನ ಬೂದಿ ಮೇಲೆ ಹಾಕಿ ಕೈ ತೊಳ್ಕೊಂಡ್ರಿ. ಆ ತಾಯಿ ಮಗಳಿಗೋಸ್ಕರ ಒಂದು ಹುಳಾನೂ ಸಾಯ್ಬಾರ್ದು ಅಂತ ರೇಷ್ಮೆ ಆರಿಸಿದ್ಲು. ಅವಳಿಗೆ ನೊಣ ಸಾಯಿಸೋ ಹಾಳೆ ಕಳಿಸಿದ್ರಿ. ಹೂತು ಬಂದ ಮೇಲೆ ಅವಳನ್ನೇ ಕೊಲೆಗಾತಿ ಮಾಡಿದ್ರಿ. ನಿಮಗೆ ರಾತ್ರಿ ನಿದ್ದೆ ಹೇಗೆ ಬಂತು?"

"ಹೋದ ಮೇಲೆ ಗೊತ್ತಾಗಿದ್ದು ಮೇಡಂ..."

"ಗೊತ್ತಾದ್ಮೇಲೂ ಬಾಯಿಬಿಡ್ಲಿಲ್ಲ!" ಅವಳ ಅಂಗೈ ಕ್ರೇಟಿಗೆ ಬಡಿದ ರಭಸಕ್ಕೆ ಎರಡೂ ತೊಳೆ ಹಾರಿ ಮಣ್ಣಿಗೆ ಬಿದ್ದವು. ನೊಣಗಳು ಎದ್ದು ಅವಳ ಮುಖಕ್ಕೆ ಮುತ್ತಿದವು, ಅಂಜಿನಪ್ಪನ ಮುಖಕ್ಕೆ, ಸಿದ್ದಾರ್ಥನ ಮುಖಕ್ಕೆ. ಮೂವರೂ ಕೈ ಬೀಸಿದರು.

ಬೀಸುತ್ತಿದ್ದ ಸರ್ವಮಂಗಳಳ ಕೈ ಗಾಳಿಯಲ್ಲೇ ನಿಂತಿತು.

ಬೆಳಿಗ್ಗೆಯೂ ಹೀಗೇ ನೊಣ ಎದ್ದಿದ್ದವು. ಗುಬ್ಬಿಯ ಅಂಗಳದಲ್ಲಿ. ಎಲ್ಲರೂ ಕೈ ಬೀಸಿದ್ದರು, ಒಬ್ಬನನ್ನು ಬಿಟ್ಟು. ಬೆವರು, ಬಾಯಂಚಿನ ಎಂಜಲು, ಮೊಣಕೈವರೆಗಿನ ಕಟ್ಟು. ಅವಳು ಅದನ್ನು ಸಿಟ್ಟು ಎಂದುಕೊಂಡಿದ್ದಳು, ಯಾಕೆಂದರೆ ಅವಳ ತಲೆಯಲ್ಲೂ ಸಿಟ್ಟೇ ತುಂಬಿತ್ತು.

"ಎಷ್ಟು ಕಳಿಸಿದ್ರಿ?" ಅವಳು ಸಿದ್ದಾರ್ಥನ ಕಡೆ ತಿರುಗಿದಳು.

"ಹಾಳೇದು ಒಂದು ಪೂರ್ತಿ ಕಟ್ಟು."

ಎರಡು ಸಲ ಬದಲಾಯಿಸಿದ್ದರು. ಒಂದು ದೇವರ ಮನೆಯಲ್ಲಿತ್ತು. ಉಳಿದಿದ್ದು?

"ಅಂಜಿನಪ್ಪ, ಇವನನ್ನ ಜೀಪಿಗೆ ಹತ್ತಿಸಿ!" ಎನ್ನುತ್ತ ಅವಳು ಕರಿಬಸಮ್ಮನಿಗೆ ಫೋನ್ ಮಾಡಿದಳು. ಎತ್ತಿದ ಕೂಡಲೇ ಆಚೆಯಿಂದ ಗದ್ದಲ ನುಗ್ಗಿತು. ಹೆಂಗಸರ ಕಿರುಚಾಟ, ಗಂಡಸರ ಬೈಗುಳ.

"ಅಮ್ಮಾ, ಆಸ್ಪತ್ರೆಯಿಂದ ಬಂದ ಉಳಿದ ಹಾಳೆ ಎಲ್ಲಿ? ಯಾರಿಗೆ ಕೊಟ್ರಿ?"

"ತಾಯಿ, ಅಳಿಯಂದ್ರು ಜಗಲಿ ಮ್ಯಾಲಿಂದ ಬಿದ್ದೋಗವ್ರೆ." ಕರಿಬಸಮ್ಮನ ಉಸಿರು ಮೇಲಕ್ಕೆ ಸಿಕ್ಕಿಕೊಂಡಿತ್ತು. "ಬಾಯೆಲ್ಲ ಜೊಲ್ಲು. ಕೈಕಾಲು ಅದುರ್ತಾವೆ. ಕಣ್ಣು, ತಾಯಿ, ಕಣ್ಣು ನನ್ನ ಅಕ್ಷತಂದು ಹೆಂಗಾಗಿತ್ತೋ ಹಂಗೇ ಆಗವೆ!"

"ಹಾಳೆ ಅವರಿಗೆ ಕೊಟ್ರಾ?"

"ಶಿವಗಣಾರಾಧನೆ ದಿನ ಸತ್ತೋರ ವಸ್ತು ದಾನ ಕೊಡ್ಬೇಕಲ್ವಾ? ಅವ್ರ ಕೈ ಆರ್ತಿಲ್ಲ ಅಂತ ಯಾರೋ ಅಂದ್ರು. ನಾನು ಕೊಟ್ಟೆ ಅಂದ್ರೆ ಬಿಸಾಕ್ತಾರೆ ಅಂತ ಆಸ್ಪತ್ರೆಯೋರೇ ಕಳ್ಸವ್ರೆ ಅಂತ ಹೇಳಿ ತಲುಪಿಸ್ದೆ. ಹಾಕ್ಕೊಂಡವ್ರೆ, ಕಟ್ಟಿನ ಅಂಚಲ್ಲಿ ಕಾಣ್ತಿತ್ತು, ನಾನೇ ಇವತ್ತು ಕಣ್ಣಾರೆ ನೋಡ್ದೆ."

"ಕಟ್ಟು ಬಿಚ್ಚಿಸಿ! ಈಗಲೇ! ಕೈ ಸೋಪು ಹಾಕಿ ತೊಳೀರಿ, ಆಸ್ಪತ್ರೆಗೆ ಎತ್ಕೊಂಡು ಹೋಗಿ, ನೊಣದ ಮದ್ದು ಮೈಗೆ ಸೇರಿದೆ ಅಂತ ಹೇಳಿ! ವಿಷ ಇರೋದು ಆ ಹಾಳೆಲಿ ಕಣಮ್ಮಾ, ವಿಭೂತೀಲಲ್ಲ. ನಿಮ್ಮ ಮಗಳು ಸತ್ತಿದ್ದೂ ಅದರಿಂದಲೇ. ನೀವು ಕೊಂದಿಲ್ಲ!"

ಇಷ್ಟು ದಿನ ಆ ತಾಯಿಗೆ ಯಾರಾದರೂ ಹೇಳಬೇಕಿದ್ದ ಮಾತು. ಸರ್ವಮಂಗಳ ಅದನ್ನು ಹೆದ್ದಾರಿಯ ಬದಿಯಲ್ಲಿ ನಿಂತು, ಗಂಟಲು ಹರಿಯುವಂತೆ ಕೂಗಿ ಹೇಳಿದಳು.

ಆಚೆ ಕಡೆ ಯಾರೋ ಗಂಡಸು ಅರಚಿದ. "ಈ ಮುದ್ಕಿನೇ ಏನೋ ಹಾಕವ್ಳೆ ಕಣ್ರಲಾ! ಮಗಳಾಯ್ತು, ಈಗ ಅಳಿಯ! ಹಿಡೀರ್ಲಾ ಅವಳ್ನ!"

"ಅಮ್ಮಾ? ಒಳಗೆ ಹೋಗಿ ಚಿಲಕ ಹಾಕ್ಕೊಳ್ಳಿ! ಇಲ್ಲ, ಮೊದಲು ಕಟ್ಟು ಬಿಚ್ಚಿಸಿ! ಅಮ್ಮಾ, ಕೇಳಿಸ್ತಾ ಇದೆಯಾ?"

"ಹಾಳೇಲಾ?" ಕರಿಬಸಮ್ಮನ ಧ್ವನಿ ತಣ್ಣಗಿತ್ತು. "ಹಂಗಾರೆ ಅಕ್ಷತನ್ನ ನಾನು ಕೊಂದಿಲ್ಲ."

"ಇಲ್ಲಮ್ಮ, ಇಲ್ಲ."

"ಇವ್ರನ್ನ ಮಾತ್ರ ನಾನೇ, ಅಲ್ವಾ ತಾಯಿ?"

ಫೋನು ಎಲ್ಲಿಗೋ ಬಿದ್ದ ಸದ್ದು. ಬಾಗಿಲು ದಬದಬ ಬಡಿಯುವ ಸದ್ದು. ಆ ಬಾಗಿಲನ್ನು ಮುದುಕಿ ಒಳಗಿನಿಂದ ಹಾಕಿಕೊಂಡರೋ, ಇಲ್ಲ ಅಳಿಯನ ಕೈಕಟ್ಟು ಬಿಚ್ಚಲು ಆ ಜನರ ನಡುವಕ್ಕೇ ತೆರೆದುಕೊಂಡು ಹೋದರೋ, ಕುಣಿಗಲ್‌ನಲ್ಲಿ ನಿಂತ ಸರ್ವಮಂಗಳಳಿಗೆ ಕಾಣುತ್ತಿರಲಿಲ್ಲ.